ವಿದ್ಯುಚ್ಚೋರನ ತಪ್ಪೊಪ್ಪಿಗೆ

ವಡ್ಡಾರಾಧನೆಯ 19 ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯನ್ನು ನಾವು ಸಾಮಾನ್ಯವಾಗಿ ಉಪಸರ್ಗಸಹನೆಯ ನಿದರ್ಶನವಾಗಿ, ಇಲ್ಲವೆ ಅದರೊಳಗಿನ ಚೋರವಿದ್ಯೆಯ ಕುತೂಹಲಕ್ಕಾಗಿ ಓದುತ್ತೇವೆ. ಅಪರಾಧ ವಿಚಾರಣೆಯ ಇತಿಹಾಸವನ್ನು ಅರಸುವವರಿಗೂ ಅದೊಂದು ಅಮೂಲ್ಯ ಆಕರ. ಆರೋಪಿಯ ಬಾಯಿಂದ ಹೊರಡಿಸಿದ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಅದರ ನಟ್ಟನಡುವೆ ಇದೆ.

ಮಿಥಿಲೆಯ ಅರಸನ ಹಾರ ಕಳುವಾಗುತ್ತದೆ. ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ಆ ದಂಡನೆ ನಿನಗೇ ಎಂದು ಅರಸನು ತಳಾರ ಯಮದಂಡನಿಗೆ ಆಜ್ಞಾಪಿಸುತ್ತಾನೆ. ಗಡುವು ಮುಗಿಯುವ ಹೊತ್ತಿಗೆ ತಳಾರನು ಎಳೆದು ತರುವುದು ಪಾಳುಗುಡಿಯಲ್ಲಿ ಬಿದ್ದಿದ್ದ ಒಬ್ಬ ಕುಷ್ಠರೋಗಿಯನ್ನು. ತಾನು ಕಳ್ಳನಲ್ಲವೆಂದು ಅವನು ಹೇಳುತ್ತಾನೆ. ಮೂವತ್ತೆರಡು ಬಗೆಯ ಚಿತ್ರಹಿಂಸೆಗಳನ್ನು ರಾತ್ರಿಯಿಡೀ ಪ್ರಯೋಗಿಸಿದರೂ ಆ ಮಾತು ಬದಲಾಗುವುದಿಲ್ಲ. ಕೊನೆಗೆ ಅರಸನು ಅಭಯವಿತ್ತು ಕೇಳಿದಾಗ, ಕಳ್ಳನು ನಾನೇ ಎಂದು ಒಪ್ಪಿಕೊಳ್ಳುತ್ತಾನೆ.

ಇಲ್ಲಿ ತಳಾರನ ಗುಮಾನಿ ನಿಜವೇ ಆಗಿತ್ತು. ಆದರೂ ಹಿಂಸೆಯಿಂದ ಸತ್ಯ ಹೊರಬರಲಿಲ್ಲ. ಅಂದಮೇಲೆ, ಆ ಗುಡಿಯಲ್ಲಿ ನಿಜವಾದ ರೋಗಿಯೇ ಮಲಗಿದ್ದರೆ? ನರಕದುಃಖವನ್ನು ಮುನಿಗಳಿಂದ ಕೇಳಿ ಮನಸ್ಸನ್ನು ಗಟ್ಟಿಮಾಡಿಕೊಂಡವನು ವಿದ್ಯುಚ್ಚೋರ. ಅಂತಹ ಬಲವಿಲ್ಲದ ನಿರಪರಾಧಿ ನಾಲ್ಕನೆಯ ಹಿಂಸೆಗೋ ಐದನೆಯದಕ್ಕೋ ಹಾರ ಕದ್ದವನು ನಾನೇ ಎಂದುಬಿಡುತ್ತಿದ್ದ. ತಲೆಯ ಮೇಲೆ ಗಡುವು ಹೊತ್ತ ಅಧಿಕಾರಿಗೆ ಬೇಕಾದುದೂ ಅಷ್ಟೇ. ಹಾರದ ಒಡೆಯನೇ ನ್ಯಾಯಾಧಿಪತಿ ಎಂಬುದನ್ನೂ ಮರೆಯಬಾರದು.

ಧರ್ಮಶಾಸ್ತ್ರಗಳ ಕ್ರಮ ಇದಕ್ಕಿಂತ ಭಿನ್ನ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿಗಳನ್ನು ಪ್ರಮಾಣವೆಂದು ಎಣಿಸಿ, ಇವಾವುವೂ ಇಲ್ಲದಲ್ಲಿ ದಿವ್ಯವನ್ನು ಹೇಳುತ್ತದೆ. ದಿವ್ಯವೂ ದೇಹವನ್ನೇ ಪರೀಕ್ಷಿಸುವ ವಿಧಾನವೆಂಬುದು ಬೇರೆ ಮಾತು.

ಅಧಿಕಾರಸ್ಥರ ಕೈಯಲ್ಲಿ ಸಿಕ್ಕವನ ಒಪ್ಪಿಗೆಯನ್ನು ಶಂಕಿಸುವ ತತ್ತ್ವ ನಮ್ಮಲ್ಲಿ 1872ರ ಸಾಕ್ಷ್ಯ ಅಧಿನಿಯಮದಲ್ಲಿ ಶಾಸನರೂಪದಲ್ಲಿತ್ತು. ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂಬ ಅದರ 25ನೆಯ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೆಯದಾಗಿ ಉಳಿದಿದೆ. ಆದರೆ ಆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗಬಲ್ಲದು. ಬಂಧಿತನು ಇದನ್ನು ತಿಳಿದಿರಬೇಕು. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಲು ಬಂದವನಿಗೂ, ನೀನು ಒಪ್ಪಿಕೊಳ್ಳಲೇಬೇಕಿಲ್ಲ, ಒಪ್ಪಿದರೆ ಅದು ನಿನ್ನ ವಿರುದ್ಧ ಬಳಕೆಯಾದೀತು ಎಂದು ಅವರು ಮೊದಲೇ ಎಚ್ಚರಿಸಬೇಕು. ಅವನು ಒಲ್ಲೆನೆಂದರೆ ಅವನನ್ನು ಮತ್ತೆ ಪೊಲೀಸರ ವಶಕ್ಕೆ ಒಪ್ಪಿಸುವಂತಿಲ್ಲ. ಯಮದಂಡನ ರಾತ್ರಿಯನ್ನು ನೆನೆದರೆ ಈ ಕೊನೆಯ ನಿಯಮದ ಅಗತ್ಯ ತಾನಾಗಿ ಅರ್ಥವಾಗುತ್ತದೆ.

ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ. ಅದರ ವ್ಯಾಪ್ತಿಯನ್ನು ವಿಸ್ತರಿಸಿದ ತೀರ್ಪೊಂದು ನಮ್ಮ ರಾಜ್ಯದ ಹೆಸರನ್ನೇ ಹೊತ್ತಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 5 ಮೇ 2010. ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ನಕ್ಷೆ ಮಾಡುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ತೀರ್ಮಾನಿಸಿತು. ಮೂವತ್ತೆರಡಕ್ಕೆ ಇನ್ನೂ ಮೂರು ಸೇರಿದ್ದವು, ನೋವಿಲ್ಲದಂತೆ ತೋರುವ ಮೂರು.

ಇನ್ನು ಅರಸನ ಅಭಯ. ಅಧಿಕಾರದಲ್ಲಿರುವವನ ಬೆದರಿಕೆಯಿಂದ ಮಾತ್ರವಲ್ಲ, ಆಮಿಷದಿಂದ, ಭರವಸೆಯಿಂದ ಹುಟ್ಟಿದ ತಪ್ಪೊಪ್ಪಿಗೆಯೂ ಇಂದಿನ ಕಾನೂನಿಗೆ ಅಗ್ರಾಹ್ಯ. ಹಾಗಾಗಿ ವಿದ್ಯುಚ್ಚೋರನ ಸತ್ಯವಾದ ಮಾತು ನಮ್ಮ ನ್ಯಾಯಾಲಯದಲ್ಲಿ ನಿಲ್ಲುತ್ತಿರಲಿಲ್ಲ. ಹಾರ ಸಿಕ್ಕ ಜಾಗ, ಕಂಡವರ ಸಾಕ್ಷ್ಯ ಬೇರೆಯಾಗಿ ಬೇಕಾಗುತ್ತಿದ್ದವು. ಕಥೆಗಾರನಿಗೆ ಇದು ಮುಖ್ಯವಲ್ಲ. ಹಿಂಸೆಯನ್ನು ಅವನು ಖಂಡಿಸುವುದೂ ಇಲ್ಲ. ಮುಂದೆ ಮುನಿಯಾಗಿ ಉಪಸರ್ಗವನ್ನು ಗೆಲ್ಲಬೇಕಾದ ದೇಹಕ್ಕೆ ಆ ರಾತ್ರಿ ಒಂದು ಸಿದ್ಧತೆ, ಅಷ್ಟೇ. ಹಾಗೆ ನೋಡಿದರೆ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಐಹಿಕವಾದ ಲಾಭ, ಐಹಿಕವಾದ ಕೇಡುಗಳನ್ನು ಮಾತ್ರ. ವಿದ್ಯುಚ್ಚೋರನನ್ನು ರಾತ್ರಿಯಿಡೀ ಕಾದ ನರಕದ ನೆನಪು ಆ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ.