ದೇಗಾಂವದ ಲಿಂಬೆಗೆ ಚಳಿಯ ಲೆಕ್ಕ: ಅಂಬೆ ಬಹಾರದ ಕಾರಣ ಕುರಿತು ಒಂದು ಮರುಪರಿಶೀಲನೆ

ಲಿಂಬೆ ಜಾತಿಯ ಗಿಡಗಳಿಗೂ ಚಳಿಗೂ ಇರುವ ಸಂಬಂಧದಲ್ಲಿ ಹಲವು ಸಂಗತಿಗಳು ಇತ್ಯರ್ಥವಾಗಿವೆ. ಜಪಾನಿನ ಸತ್ಸುಮ ಕಿತ್ತಳೆ ಸೊನ್ನೆಗಿಂತ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ಕಾಗಜಿ ಲಿಂಬೆ, ಮಾದಲ ಮೊದಲಿಗೇ ಸುಟ್ಟುಹೋಗುತ್ತವೆ. ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಇಳಿದರೆ ಚಿಗುರು ನಿಲ್ಲುತ್ತದೆ. ಕಿತ್ತಳೆಯ ಸಿಪ್ಪೆ ಹಸಿರು ಬಿಟ್ಟು ಬಣ್ಣ ಕಟ್ಟಬೇಕಾದರೆ ರಾತ್ರಿಗಳು ತಂಪಾಗಿರಬೇಕು. ಇವುಗಳಲ್ಲಿ ತಕರಾರಿಲ್ಲ. ತಕರಾರು ಇರುವುದು ಹೂವಿನ ವಿಷಯದಲ್ಲಿ.

1969ರಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ಜಿ. ಐ. ಮಾಸ್ ಅವರು ಮೋಸಂಬಿ ವರ್ಗದ ಗಿಡಗಳಲ್ಲಿ ಹೂಮೊಗ್ಗು ಮೂಡಲು ತಂಪು ಕಾರಣವೆಂದು ತೋರಿಸಿದರು. ಉಷ್ಣವಲಯದ ಕಡೆ ನೋಡಿದ ಕ್ಯಾಸಿನ್ ಮತ್ತು ಸಂಗಡಿಗರು, ಅಲ್ಲಿ ಚಳಿಯ ಕೆಲಸವನ್ನು ನೀರಿನ ಕೊರತೆ ಮಾಡುತ್ತದೆ ಎಂದರು. ಅಲ್ಲಿಂದೀಚೆಗೆ ಈ ಹಂಚಿಕೆ ಗಟ್ಟಿಯಾಗಿಬಿಟ್ಟಿದೆ: ಉಪೋಷ್ಣ ನಾಡಿಗೆ ಚಳಿ, ಉಷ್ಣ ನಾಡಿಗೆ ಬರ. ಕರ್ನಾಟಕ ಎರಡನೆಯ ಪಾಲಿಗೆ ಬಂದಿದ್ದರಿಂದ ಬಹಾರ (ಹೂವಿನ ಹಂಗಾಮು) ಹಿಡಿಯುವುದೆಂದರೆ ನೀರು ತಡೆಯುವುದು ಎಂದಷ್ಟೇ ನಮ್ಮಲ್ಲಿ ಬರೆಯುತ್ತ ಬಂದಿದ್ದೇವೆ. ಬಯಲಿನ ಇಂಡಿಗೆ ಈ ಮಾತು ಹೊಂದಬಹುದು. ಕಿತ್ತೂರು ತಾಲ್ಲೂಕಿನ ದೇಗಾಂವಕ್ಕೂ ಅದನ್ನೇ ಅನ್ವಯಿಸುವುದು ಅವಸರವೆಂದು ನನ್ನ ವಾದ.

ದೇಗಾಂವಕ್ಕೆ ವಿದ್ವಾಂಸರು ಬರುವುದು 12ನೆಯ ಶತಮಾನದ ಕಮಲನಾರಾಯಣ ಗುಡಿಗಾಗಿ. ಸುತ್ತಲಿನ ಹಿತ್ತಲುಗಳ ಲಿಂಬೆ ಗಿಡಗಳನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಆದರೆ ಈ ಪ್ರಶ್ನೆಗೆ ಇಂಥ ಅನುಕೂಲದ ಜಾಗ ಸಿಗುವುದು ಕಷ್ಟ. ಪಶ್ಚಿಮಕ್ಕೆ ಖಾನಾಪುರದ ಮಲೆನಾಡು. ಕಿತ್ತೂರು–ಬೈಲಹೊಂಗಲ ಕೃಷಿ ವಲಯಗಳ ಪಟ್ಟಿಯಲ್ಲಿ ಉತ್ತರದ ಪರಿವರ್ತನಾ ವಲಯ. ಇನ್ನೂ ಪೂರ್ವಕ್ಕೆ ಹೋದರೆ ಸವದತ್ತಿ, ರಾಮದುರ್ಗ, ಅವು ಉತ್ತರದ ಒಣ ವಲಯ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಮಳೆ, ಮಣ್ಣು, ರಾತ್ರಿಯ ತಂಪು ಮೂರೂ ಬದಲಾಗುತ್ತವೆ.

ಲಿಂಬೆಗೆ ಮೂರು ಬಹಾರ. ಜನವರಿ–ಫೆಬ್ರುವರಿಯಲ್ಲಿ ಹೂ ಬಿಡುವುದು ಅಂಬೆ, ಜೂನ್–ಜುಲೈಯಲ್ಲಿ ಮೃಗ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಸ್ತ. ಇವುಗಳ ಪಾಲು ಕ್ರಮವಾಗಿ ಶೇ. 47, 36, 17 ಎಂಬ ಲೆಕ್ಕ ಭಾರತೀಯ ತೋಟಗಾರಿಕೆ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಕಿಗಳು ಊರಿಂದೂರಿಗೆ ಹೆಚ್ಚುಕಡಿಮೆಯಾದಾವು, ಅನುಕ್ರಮವೇ ಮುಖ್ಯ. ಹಸ್ತ ಏಕೆ ಕಡಿಮೆ ಎಂಬುದು ಸ್ಪಷ್ಟ: ಅದಕ್ಕೆ ಮುಂಚಿನದು ಮಳೆಗಾಲ, ಆಗ ನೀರು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಅದಕ್ಕೇ ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ, ಸೆಪ್ಟೆಂಬರಿನಲ್ಲಿ ಸೈಕೋಸೆಲ್, ಅಕ್ಟೋಬರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಲು ಹೇಳುತ್ತಾರೆ.

ಬಿಡಿಸಲಾಗದ ಗಂಟು ಅಂಬೆ ಮತ್ತು ಮೃಗದ ನಡುವಿನದು. ನೀರಿನ ಕೊರತೆಯೊಂದೇ ಕಾರಣವಾಗಿದ್ದರೆ ಮೃಗವೇ ಮೇಲಾಗಬೇಕಿತ್ತು. ಮೇ ತಿಂಗಳ ಮಧ್ಯಾಹ್ನ ಲಿಂಬೆ ಗಿಡದ ಮುಂದೆ ನಿಂತರೆ ಎಲೆ ಒಳಕ್ಕೆ ಸುರುಳಿಗೊಂಡಿರುತ್ತದೆ, ಮಿರುಗು ಹೋಗಿ ಮಂಕಾಗಿರುತ್ತದೆ, ಹೊತ್ತು ಮುಳುಗಿದ ಮೇಲಷ್ಟೇ ಬಿಚ್ಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಹಿಂಗಾರಿನ ತೇವ ಇನ್ನೂ ಒಳಗಿರುವ ಎರೆ ಹೊಲದ ಗಿಡದಲ್ಲಿ ಅಂಥ ಬಾಡುವಿಕೆ ಕಾಣುವುದು ಅಪರೂಪ. ಕಡಿಮೆ ಬಾಯಾರಿದ ಗಿಡ ಹೆಚ್ಚು ಹೂ ಬಿಡುವುದಕ್ಕೆ ಬೇರೇನೋ ಕಾರಣ ಇರಲೇಬೇಕು.

ಅದು ಚಳಿಯೇ ಎನ್ನಲು ಪ್ರಯೋಗಾಲಯದ ಆಧಾರವಿದೆ. ಸೌತ್‌ವಿಕ್ ಮತ್ತು ಡೇವನ್‌ಪೋರ್ಟ್ 1986ರಲ್ಲಿ ಕುಂಡದ ತಾಹಿತಿ ಲಿಂಬೆಗೆ ಹಗಲು 18, ರಾತ್ರಿ 10 ಡಿಗ್ರಿಯ ತಂಪು ಕೊಟ್ಟಾಗ, ಸಾಧಾರಣ ನೀರಿನ ಕೊರತೆಯಿಂದ ಬಂದಂಥದೇ ಹೂವು ಬಂತು. ಆದರೆ ತಂಪಿನ ಗಿಡಗಳ ಎಲೆಗಳಲ್ಲಿ ನೀರಿನ ಕೊರತೆ ಇರಲಿಲ್ಲ. ನಿಶಿಕಾವಾ ಮತ್ತಿತರರು 2007ರಲ್ಲಿ ಸತ್ಸುಮದಲ್ಲಿ ತಂಪಿನಿಂದ ಹೂ ಪ್ರಚೋದಕ ಎಫ್‌ಟಿ ವಂಶವಾಹಿಯ ಚಟುವಟಿಕೆ ಏರುವುದನ್ನು ಕಂಡರು; ಚಿಕಾ ಮತ್ತು ಆಲ್ಬ್ರಿಗೊ 2013ರಲ್ಲಿ ನೀರಿನ ಕೊರತೆಯಿಂದಲೂ ಅದು ಏರುವುದನ್ನು ಮೋಸಂಬಿ ವರ್ಗದಲ್ಲಿ ತೋರಿಸಿದರು. ದಾರಿ ಎರಡಾದರೂ ಬಾಗಿಲು ಒಂದೇ ಇರುವಂತಿದೆ. ಹಾಗಿದ್ದಲ್ಲಿ ಎರಡೂ ಕೂಡಿ ಕೆಲಸ ಮಾಡಲು ಅಡ್ಡಿಯೇನು?

ದೇಗಾಂವದ ಚಳಿ ಅದಕ್ಕೆ ಸಾಲುತ್ತದೆಯೇ? ಫ್ಲೋರಿಡಾದಲ್ಲಿ ಒಳ್ಳೆಯ ಹೂವಿಗೆ 20 ಡಿಗ್ರಿಗಿಂತ ಕೆಳಗಿನ 800ಕ್ಕೂ ಹೆಚ್ಚು ಗಂಟೆಗಳು ಬೇಕೆಂದು ಲೆಕ್ಕ ಹಾಕುತ್ತಾರೆ. ಬೆಳಗಾವಿ, ಧಾರವಾಡಗಳ ಡಿಸೆಂಬರ್ ಕನಿಷ್ಠ ಸರಾಸರಿ 14 ಡಿಗ್ರಿ ಆಸುಪಾಸು, ಗರಿಷ್ಠ 28–29. ಇವೆರಡರ ನಡುವಿನ ದೇಗಾಂವಕ್ಕೂ ಅದನ್ನೇ ಹಿಡಿದರೆ, 20ರ ಕೆಳಗೆ ದಿನಕ್ಕೆ ಸುಮಾರು 10 ಗಂಟೆ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಸುಮಾರು 75 ದಿನಕ್ಕೆ 750 ಗಂಟೆ. ಅಂದರೆ ಬೇಕಾದ ಮಟ್ಟದ ಅಂಚಿಗೆ ಬಂದು ನಿಂತ ಚಳಿ ಇದು: ತಾನೊಂದೇ ತುಂಬು ಹೂ ತರಿಸಲಾರದು, ಆದರೆ ತೆಳುವಾದ ನೀರಿನ ಕೊರತೆಯೊಂದು ಜೊತೆಗೂಡಿದರೆ ಸಾಕು.

ಈ ಮಾತನ್ನು ಎಷ್ಟು ದೂರ ಎಳೆಯಬಹುದೆಂಬ ಎಚ್ಚರ ಬೇಕು. ಫ್ಲೋರಿಡಾದ ಲೆಕ್ಕ ಮೋಸಂಬಿ ವರ್ಗದ್ದು. ಕಾಗಜಿ ಲಿಂಬೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುವ ಗಿಡ, ಅದಕ್ಕೆ ಬೇಕಾದ ಮಟ್ಟ ಬೇರೆಯಿರಬಹುದು. ನಮ್ಮ ಬೆಚ್ಚನೆಯ ಹಗಲು ರಾತ್ರಿಯ ಗಳಿಕೆಯನ್ನು ಭಾಗಶಃ ಅಳಿಸಲೂಬಹುದು. ಎಲ್ಲಕ್ಕಿಂತ ಗಟ್ಟಿ ಆಕ್ಷೇಪವೆಂದರೆ ಫಸಲಿನ ಭಾರ. ಮೇ ತಿಂಗಳಲ್ಲಿ ಗಿಡದ ಮೇಲೆ ಅಂಬೆಯ ಕಾಯಿ ತೂಗುತ್ತಿರುತ್ತದೆ, ಕಾಯಿ ಹೊತ್ತ ಟೊಂಗೆ ಹೊಸ ಹೂವಿಗೆ ಒಗ್ಗುವುದಿಲ್ಲ. ಮೃಗ ಹಿಂದೆ ಬೀಳಲು ಇಷ್ಟೇ ಸಾಕು, ಚಳಿಯ ಪ್ರಸ್ತಾಪವೇ ಬೇಡ ಎನ್ನಬಹುದು. ಅಂಬೆಯ ಕಾಯಿಯನ್ನೆಲ್ಲ ಕಿತ್ತು ಮೃಗವನ್ನು ನೋಡುವವರೆಗೆ ಈ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ. ಆದರೂ ಮಣ್ಣಿನ ಸಾಕ್ಷ್ಯ ನನ್ನ ಕಡೆಗಿದೆ ಎಂದುಕೊಂಡಿದ್ದೇನೆ. ಹಗುರ ಮಸಾರಿಯಲ್ಲಿ ಎರಡು–ಮೂರು ವಾರ ನೀರು ತಡೆದರೆ ಸಾಕು, ಎರೆಯಲ್ಲಿ ಒಂದೆರಡು ತಿಂಗಳು ಬೇಕೆಂಬುದು ರೂಢಿಯ ಸಲಹೆ. ಆ ಒಂದೆರಡು ತಿಂಗಳು ಸರಿಯಾಗಿ ಚಳಿಗಾಲದ ಮೇಲೆಯೇ ಬೀಳುತ್ತವೆ. ಅಷ್ಟು ದಿನ ಕಾದದ್ದು ಮಣ್ಣು ಒಣಗಲೆಂದೋ, ಚಳಿ ಕೂಡಲೆಂದೋ, ಬೇರ್ಪಡಿಸಿ ನೋಡಿದವರಿಲ್ಲ.

ಬೇರ್ಪಡಿಸುವುದು ಕಷ್ಟವೇನಲ್ಲ. ದೇಗಾಂವದಲ್ಲೂ ರಾಮದುರ್ಗದಲ್ಲೂ ಒಂದೇ ತಾಯಿಗಿಡದ ಸಸಿಗಳನ್ನು ದೊಡ್ಡ ಕುಂಡಗಳಲ್ಲಿ ಬೆಳೆಸಿ, ಅರ್ಧಕ್ಕೆ ಚಳಿಗಾಲವಿಡೀ ಹನಿ ನೀರು ಬಿಟ್ಟು, ಅರ್ಧಕ್ಕೆ ತಡೆದು, ಗಂಟೆಗಂಟೆಯ ಉಷ್ಣತೆ ಬರೆದಿಟ್ಟುಕೊಂಡರೆ ಆಯಿತು. ನೀರುಂಡ ದೇಗಾಂವದ ಗಿಡ ಜನವರಿಯಲ್ಲಿ ಬರಿಚಿಗುರು ಬಿಟ್ಟು ನಿಂತರೆ ಈ ಲೇಖನದ ವಾದ ಬಿದ್ದಂತೆ. ಹೂ ಬಿಟ್ಟರೂ, ಲಿಂಬೆಗೆ 20 ಡಿಗ್ರಿಯೇ ಗಡಿಯೋ, ಇನ್ನೂ ಕೆಳಗೋ ಎಂಬುದನ್ನು ಆಮೇಲೆ ಹುಡುಕಬೇಕಾಗುತ್ತದೆ.