ಜರ್ನಲ್‌ಗೆ ಚಂದಾ ಯಾರು ಕಟ್ಟಬೇಕು?

ಥಾಣೆ ಬಳಿಯ ಕಳವಾ ಎಂಬಲ್ಲಿನ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜನ್ನು ನಡೆಸುವುದು ಥಾಣೆ ಮಹಾನಗರಪಾಲಿಕೆ. ಡೊಂಬಿವಲಿ, ಕಲ್ಯಾಣದ ಕಡೆ ಅನುದಾನಿತ ಕಾಲೇಜುಗಳಿವೆ. ನವಿ ಮುಂಬಯಿಯ ಕಡೆ ಖಾಸಗಿ ವಿಶ್ವವಿದ್ಯಾಲಯಗಳಿವೆ. ಒಬ್ಬೊಬ್ಬರ ಬೊಕ್ಕಸ ಒಂದೊಂದು ತರಹ. ಆದರೆ ವಿದೇಶಿ ಜರ್ನಲ್‌ನ ಬೆಲೆ ಮಾತ್ರ ಎಲ್ಲರನ್ನೂ ಕಾಡಿದ್ದೇ.

ಮೊದಲು ಪ್ರತಿ ಗ್ರಂಥಾಲಯವೂ ಏಜೆಂಟರ ಮೂಲಕ ತಾನೇ ಚಂದಾ ಕಟ್ಟುತ್ತಿತ್ತು. ಬಜೆಟ್ ರೂಪಾಯಿಯಲ್ಲಿ, ಬಿಲ್ಲು ಡಾಲರಿನಲ್ಲಿ. 1991ರ ಜುಲೈನಲ್ಲಿ ರೂಪಾಯಿ ಅಪಮೌಲ್ಯವಾದಾಗ ಅದೇ ಜರ್ನಲ್ ರಾತ್ರೋರಾತ್ರಿ ತುಟ್ಟಿಯಾಯಿತು. ಗ್ರಂಥಪಾಲಕರಿಗೆ ಆಗ ಗೊತ್ತಿದ್ದ ಉಪಾಯ ಒಂದೇ, ಪಟ್ಟಿ ಹಿಡಿದು ಕತ್ತರಿಸುವುದು. ಯಾವ ವಿಭಾಗದ ಜರ್ನಲ್ ಹೋಗಬೇಕೆಂಬ ಜಗಳ ಬೇರೆ.

ಒಟ್ಟಾಗಿ ಕೊಳ್ಳುವ ದಾರಿಯನ್ನು ಮೊದಲೇ ಹಿಡಿದವರಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಎಂಬ ಜರ್ನಲ್ ಒಕ್ಕೂಟವನ್ನು ಆರಂಭಿಸಿತು. ಪ್ರಕಾಶಕರೊಡನೆ ಚೌಕಾಸಿ ವಿಶ್ವವಿದ್ಯಾಲಯದ್ದು, ಓದುವ ಹಕ್ಕು ಅದರ ವ್ಯಾಪ್ತಿಯ ಕಾಲೇಜುಗಳದ್ದು. ಹತ್ತು ಕಡೆ ಹತ್ತು ಬಾರಿ ತೆರುತ್ತಿದ್ದ ಹಣ ಒಂದೇ ಚೀಲಕ್ಕೆ ಬಿತ್ತು. ಅದೇ ಹೊತ್ತಿಗೆ ತಾಂತ್ರಿಕ ಸಂಸ್ಥೆಗಳಿಗಾಗಿ ಇಂಡೆಸ್ಟ್ ಬಂತು, 2004ರಲ್ಲಿ ವಿಶ್ವವಿದ್ಯಾಲಯಗಳಿಗಾಗಿ ಯುಜಿಸಿ-ಇನ್ಫೋನೆಟ್ ಒಕ್ಕೂಟ. ಡೊಂಬಿವಲಿಯಂಥ ಊರಿನ ಅನುದಾನಿತ ಕಾಲೇಜಿಗೆ ನಿಜವಾದ ಉಪಕಾರವಾದದ್ದು ಎನ್-ಲಿಸ್ಟ್ ಯೋಜನೆಯಿಂದ. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿಗೆ ಸಾವಿರಾರು ಜರ್ನಲ್. 2015ರಲ್ಲಿ ಇಂಡೆಸ್ಟ್, ಇನ್ಫೋನೆಟ್, ಎನ್-ಲಿಸ್ಟ್ ಎಂಬ ಈ ಮೂರು ಕೇಂದ್ರ ಯೋಜನೆಗಳು ಇ-ಶೋಧಸಿಂಧುವಿನಲ್ಲಿ ಸೇರಿದವು. ಆದರೆ ಹೀಗೆ ಕಂತೆಯಲ್ಲಿ ಕೊಂಡಾಗ ಬೇಕಾದದ್ದರ ಜತೆ ಬೇಡದ್ದೂ ಬರುತ್ತದೆ. ಪ್ರಕಾಶಕರ ಜಾಣತನ ಇರುವುದೂ ಅಲ್ಲೇ. ಈ ಕಂತೆಯಿಂದ ಬಿಡಿಸಿಕೊಳ್ಳುವ ಇನ್ನೊಂದು ದಾರಿ, ಲೇಖಕರ ಪ್ರಬಂಧಗಳನ್ನು ಸಂಸ್ಥೆಯೇ ಮುಕ್ತವಾಗಿ ಇಡುವುದು. ಭಾರತೀಯ ವಿಜ್ಞಾನ ಸಂಸ್ಥೆ ಅದನ್ನು 2002ರಲ್ಲೇ ಶುರುಮಾಡಿತ್ತು. ಆ ದಾರಿಯಲ್ಲಿ ನಡೆದವರು ಕಡಿಮೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಖಾಸಗಿಯವರು ಸದ್ಯಕ್ಕೆ ಹೊರಗೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಸಂಶೋಧಕರಿಗೂ ಇದರಿಂದ ಹೆಚ್ಚು ಲಾಭವಿಲ್ಲ. ಅವರು ನೆಚ್ಚುವುದು ಪ್ರಬುದ್ಧ ಕರ್ನಾಟಕದಂಥ ಪತ್ರಿಕೆಯನ್ನು, ಶೋಧಗಂಗಾ ಜಾಲತಾಣದ ಪಿಎಚ್‌ಡಿ ಪ್ರಬಂಧಗಳನ್ನು.

ಚಂದಾ ದಿಲ್ಲಿ ಕಟ್ಟುವುದಾದರೆ ಗ್ರಂಥಪಾಲಕರಿಗೆ ಉಳಿದದ್ದೇನು? ಓದಿಸುವುದು. ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿಯನ್ನು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗ್ರಂಥಾಲಯ ತಜ್ಞ ರಂಗನಾಥನ್ 1931ರಲ್ಲೇ ಹೇಳಿದ್ದೂ ಇದನ್ನೇ. ಯಾವ ಜರ್ನಲ್ ಎಷ್ಟು ಬಾರಿ ಡೌನ್‌ಲೋಡ್ ಆಯಿತೆಂಬ ಲೆಕ್ಕ ಈಗ ಸಿಗುತ್ತದೆ; ಬಳಕೆ ಇಲ್ಲದಿದ್ದರೆ ಅಗ್ಗದ ಚಂದಾವೂ ದುಬಾರಿಯೇ. ಮಹಾರಾಷ್ಟ್ರದ ಕಾಲೇಜುಗಳು ಅಕ್ಟೋಬರ್ 15ರ ವಾಚನ ಪ್ರೇರಣಾ ದಿನದಂದು ಪುಸ್ತಕ ಪ್ರದರ್ಶನ ಮಾಡುತ್ತವೆ. ಮೇಜಿನ ಮೇಲೆ ಜೋಡಿಸಲಾಗದ ಇ-ಜರ್ನಲ್‌ಗಳನ್ನು ಆ ದಿನ ನೆನೆಯುವವರು ಕಡಿಮೆ. ವರ್ಷದ ಮೊದಲ ವಾರ ಅರ್ಧ ಗಂಟೆಯ ಪರಿಚಯ ಸಾಲದು. ವಿಭಾಗಕ್ಕೇ ಹೋಗಿ, ವಿದ್ಯಾರ್ಥಿಯ ಮೊಬೈಲಿನಲ್ಲೇ ಹುಡುಕಿ ತೋರಿಸಬೇಕು.

ಮಕ್ಕಳು ಅನುದಾನಿತ ಕಾಲೇಜಿನಲ್ಲಿ ಓದುತ್ತಿದ್ದರೆ ನಾಳೆಯೇ ಲೈಬ್ರರಿಗೆ ಕಳಿಸಿ, ಎನ್-ಲಿಸ್ಟ್ ಪಾಸ್‌ವರ್ಡ್ ಕೇಳಲಿ.