ಬಿಷಪರ ಪೀಠ, ಸಭೆಯ ಮಾತು: ಬೀದರ ಸೀಮೆಯ ಕ್ರೈಸ್ತ ಸಭಾಡಳಿತದಲ್ಲಿ ತೀರ್ಮಾನದ ಹಂಚಿಕೆ

ಬೀದರ ನಗರ, ಭಾಲ್ಕಿ ಮತ್ತು ಔರಾದ ಪರಿಸರದ ಕ್ರೈಸ್ತ ಸಮುದಾಯವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಮತಾಂತರ, ಶಿಕ್ಷಣ ಮತ್ತು ವೈದ್ಯಸೇವೆ ಎಂಬ ಮೂರು ನೆಲೆಗಳಲ್ಲಿ ನಿಂತುಬಿಡುತ್ತವೆ. ಆ ಸಮುದಾಯದೊಳಗೆ ತೀರ್ಮಾನಗಳು ಹೇಗೆ ರೂಪುಗೊಂಡವು, ಅವುಗಳಲ್ಲಿ ಯಾರ ಮಾತಿಗೆ ಬೆಲೆ ಸಿಕ್ಕಿತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಊರಿನ ಚಾವಡಿಯಲ್ಲಿ ಸಮಾನವಾಗಿ ಕೂರುವ ಹಕ್ಕಿಲ್ಲದಿದ್ದ ಜನ ಬಹುಸಂಖ್ಯೆಯಲ್ಲಿ ಸೇರಿದ ಸಭೆಯ ವಿಷಯದಲ್ಲಿ ಈ ಪ್ರಶ್ನೆ ಕೇವಲ ಆಡಳಿತಕ್ಕೆ ಸಂಬಂಧಿಸಿದ್ದಲ್ಲ. ಅದು ಘನತೆಗೆ ಸಂಬಂಧಿಸಿದ್ದು. ಆ ನಿಟ್ಟಿನಲ್ಲಿ ಒಂದು ಪ್ರಾಥಮಿಕ ಚಿಂತನೆ ಇಲ್ಲಿಯ ಉದ್ದೇಶ.

ಆರಂಭದಲ್ಲೇ ಒಂದು ಸ್ಪಷ್ಟನೆ ಅಗತ್ಯ. ಬೀದರ ಸೀಮೆಯ ಪ್ರಾಟೆಸ್ಟಂಟರಲ್ಲಿ ಬಹುಪಾಲಿನವರು ಆಂಗ್ಲಿಕನ್ನರಲ್ಲ, ಮೆಥೋಡಿಸ್ಟರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಜಾಮರ ರಾಜ್ಯದ ಈ ಭಾಗದಲ್ಲಿ ನೆಲೆಯೂರಿದ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಶನ್ ಅವರ ಮೂಲ. ಆದರೆ ಮೆಥೋಡಿಸ್ಟ್ ಚಳವಳಿಯ ಪ್ರವರ್ತಕ ಜಾನ್ ವೆಸ್ಲಿ (೧೭೦೩–೧೭೯೧) ಕೊನೆಯವರೆಗೂ ಆಂಗ್ಲಿಕನ್ ಗುರುವಾಗಿಯೇ ಉಳಿದರು. ಅಮೆರಿಕದ ಶಾಖೆ ಬಿಷಪ್ ಹುದ್ದೆಯನ್ನೂ ಉಳಿಸಿಕೊಂಡಿತು. ಹೀಗಾಗಿ ಬಿಷಪರ ಪೀಠವನ್ನು ಕಾಯ್ದುಕೊಂಡೇ ಅಧಿಕಾರವನ್ನು ಹಂಚಿಕೊಳ್ಳುವುದು ಹೇಗೆಂಬ ಆಂಗ್ಲಿಕನ್ ಸಭಾಪ್ರಾಂತಗಳ ಸಮಸ್ಯೆ ಬೀದರಿನ ಸಮಸ್ಯೆಯೂ ಹೌದು.

ಆಂಗ್ಲಿಕನ್ ಮಾದರಿ

ನಿಜಾಮರ ರಾಜ್ಯದಲ್ಲೇ ಇದಕ್ಕೆ ಒಂದು ಮಹತ್ವದ ನಿದರ್ಶನವಿತ್ತು. ೧೯೧೨ರಲ್ಲಿ ವಿ. ಎಸ್. ಅಜರಯ್ಯನವರು ದೋರ್ನಕಲ್ಲಿನ ಬಿಷಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪೀಠವೇರಿದ ಮೊದಲ ಭಾರತೀಯರು ಅವರು. ೧೯೪೫ರಲ್ಲಿ ನಿಧನರಾಗುವವರೆಗೂ ಅವರು ಆ ಹೊಣೆ ಹೊತ್ತಿದ್ದರು. ಆದರೆ ಪೀಠದಲ್ಲಿ ಭಾರತೀಯರೊಬ್ಬರು ಕುಳಿತ ಮಾತ್ರಕ್ಕೆ ಆಡಳಿತ ಭಾರತದ್ದಾಗಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇಲ್ಲಿಯ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಗೆ ಅಂಟಿಕೊಂಡೇ ಇತ್ತು. ೧೯೨೭ರ ಶಾಸನದ ಫಲವಾಗಿ ೧೯೩೦ರಲ್ಲಿ ಆ ಬಂಧ ಕಳಚಿತು. ಅನಂತರ ಬಿಷಪರು, ದೀಕ್ಷಿತ ಬೋಧಕರು ಮತ್ತು ಸಾಮಾನ್ಯ ಸದಸ್ಯರ ಪ್ರತಿನಿಧಿಗಳು ಕೂಡಿದ ಮಂಡಲಿಗಳ ಮೂಲಕ ಇಲ್ಲಿಯ ಸಭೆ ತನ್ನನ್ನು ತಾನೇ ಆಳಿಕೊಳ್ಳಲು ತೊಡಗಿತು.

ಈ ಮೂರು ವರ್ಗಗಳ ವ್ಯವಸ್ಥೆ ಕೇವಲ ಅಲಂಕಾರವಲ್ಲ ಎಂಬುದಕ್ಕೆ ಇಂಗ್ಲೆಂಡಿನ ಇತ್ತೀಚಿನ ಘಟನೆಯೊಂದು ಸಾಕ್ಷಿ. ೨೦೧೨ರ ನವೆಂಬರಿನಲ್ಲಿ ಸ್ತ್ರೀಯರಿಗೆ ಬಿಷಪ್ ಪದವಿ ನೀಡುವ ಮಸೂದೆ ಅಲ್ಲಿಯ ಮಹಾಸಭೆಯ ಮುಂದೆ ಬಂದಿತು. ಪ್ರತಿಯೊಂದು ವಿಭಾಗದಲ್ಲೂ ಮೂರನೆಯ ಎರಡು ಭಾಗದಷ್ಟು ಬೆಂಬಲ ಬೇಕಿತ್ತು. ಬಿಷಪರ ವಿಭಾಗದಲ್ಲಿ ೪೪ ಮತಗಳು ಪರ, ೩ ವಿರುದ್ಧ. ಬೋಧಕರ ವಿಭಾಗದಲ್ಲಿ ೧೪೮ ಪರ, ೪೫ ವಿರುದ್ಧ ಬಿದ್ದವು. ಸಾಮಾನ್ಯ ಸದಸ್ಯರ ವಿಭಾಗದಲ್ಲಿ ೧೩೨ ಪರ, ೭೪ ವಿರುದ್ಧ ಬಿದ್ದು, ಆರು ಮತಗಳ ಕೊರತೆಯಿಂದ ಮಸೂದೆ ಬಿದ್ದುಹೋಯಿತು. ೨೦೧೪ರ ಜುಲೈವರೆಗೂ ಅದು ಕಾಯಬೇಕಾಯಿತು. ಸಾಮಾನ್ಯರಿಗೆ ಅಧಿಕಾರ ದೊರೆತಾಗ ಅದು ಸುಧಾರಣೆಯ ಪರವಾಗಿಯೇ ಬಳಕೆಯಾಗುತ್ತದೆಂಬ ಖಾತ್ರಿ ಇಲ್ಲವೆಂಬುದೂ ಇಲ್ಲಿ ಗಮನಾರ್ಹ. ಆಂಗ್ಲಿಕನ್ನರೂ ಸೇರಿ ೧೯೪೭ರ ಸೆಪ್ಟೆಂಬರ್ ೨೭ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಾದರೋ ಅದಕ್ಕೆ ಒಂದು ವರ್ಷ ಮೊದಲೇ, ೨೦೧೩ರಲ್ಲಿ, ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪರನ್ನಾಗಿ ಅಭಿಷೇಕಿಸಿತ್ತು.

ಬೀದರಿನ ಕವಲು

ಅಮೆರಿಕದ ಮೆಥೋಡಿಸ್ಟರ ಆಡಳಿತಪರಂಪರೆ ಬೇರೊಂದು ಪ್ರಸಂಗದಿಂದ ಆರಂಭವಾಗುತ್ತದೆ. ೧೭೮೪ರಲ್ಲಿ ವೆಸ್ಲಿಯವರು ಫ್ರಾನ್ಸಿಸ್ ಆಸ್ಬರಿಯವರನ್ನು ಅಮೆರಿಕದ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಆಸ್ಬರಿಯವರು ಆ ನೇಮಕವನ್ನಷ್ಟೇ ನೆಚ್ಚಿ ಹುದ್ದೆಯನ್ನು ಸ್ವೀಕರಿಸಲು ಒಪ್ಪಲಿಲ್ಲ. ಅದೇ ಡಿಸೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಕೂಡಿದ ಬೋಧಕರು ಆರಿಸಿದ ಮೇಲೆಯೇ ಅವರು ಪೀಠವೇರಿದರು. ಮೇಲಿನಿಂದ ಬಂದ ಅಧಿಕಾರಕ್ಕೆ ಸಭೆಯ ಸಮ್ಮತಿ ಬೇಕೆಂಬ ತತ್ವ ಹೀಗೆ ಬುನಾದಿಯಲ್ಲೇ ಸೇರಿತು. ಸ್ಥಳೀಯ ಸಭೆ, ಜಿಲ್ಲೆ, ವಾರ್ಷಿಕ ಸಮ್ಮೇಳನ, ಎಲ್ಲಕ್ಕೂ ಮೇಲೆ ಮಹಾಸಮ್ಮೇಳನ ಎಂಬ ಮೆಟ್ಟಿಲುಗಳು ಆ ತತ್ವದ ವಿಸ್ತರಣೆ. ಬೀದರ ಸೀಮೆಯ ಸಭೆಗಳು ಸೇರಿದ್ದು ಈ ಏಣಿಗೆ.

ಈ ವ್ಯವಸ್ಥೆಗೆ ತನ್ನದೇ ಮಿತಿಗಳಿದ್ದವು. ಬಿಷಪರನ್ನು ಸಮ್ಮೇಳನ ಚುನಾಯಿಸುತ್ತದೆ. ಸಭಾಪಾಲಕರನ್ನು ಯಾವ ಊರಿಗೆ ಕಳುಹಿಸಬೇಕೆಂಬುದನ್ನು ಮಾತ್ರ ಜಿಲ್ಲಾ ಮೇಲ್ವಿಚಾರಕರೊಡನೆ ಸಮಾಲೋಚಿಸಿ ಬಿಷಪರೇ ನಿರ್ಧರಿಸುತ್ತಾರೆ. ಔರಾದದ ಸಭೆ ತನ್ನ ಇಷ್ಟವನ್ನು ತಿಳಿಸಬಹುದು, ತೀರ್ಮಾನಿಸಲಾರದು. ಸಾಮಾನ್ಯ ಸದಸ್ಯರಿಗೆ ಅಮೆರಿಕದ ಮಹಾಸಮ್ಮೇಳನದಲ್ಲಿ ಸ್ಥಾನ ದೊರೆತದ್ದು ೧೮೭೨ರಲ್ಲಿ. ಚುನಾಯಿತರಾಗಿ ಬಂದ ಐವರು ಮಹಿಳೆಯರನ್ನು ೧೮೮೮ರಲ್ಲಿ ಬಾಗಿಲಲ್ಲೇ ತಡೆಯಲಾಯಿತು. ಮಹಿಳೆಯರು ಅಲ್ಲಿ ಕುಳಿತದ್ದು ೧೯೦೪ರಲ್ಲಿ.

ಸಭೆಯ ನಿರ್ಧಾರ ಎಷ್ಟು ಬಲವುಳ್ಳದ್ದೆಂಬುದನ್ನು ಐಕ್ಯದ ಪ್ರಶ್ನೆ ತೋರಿಸಿತು. ನೆರೆಯ ಮೇದಕಿನಲ್ಲಿ ಚಾರ್ಲ್ಸ್ ಪಾಸ್ನೆಟ್ಟರು ಕಟ್ಟಿದ ವೆಸ್ಲಿಯನ್ ಮಿಶನ್ ಬ್ರಿಟಿಷ್ ಮೂಲದ್ದು. ಅಲ್ಲಿ ಬಿಷಪರೇ ಇರಲಿಲ್ಲ. ೧೯೪೭ರಲ್ಲಿ ಅದು ದಕ್ಷಿಣ ಭಾರತ ಸಭೆಯೊಳಗೆ ಬೆರೆತು ಬಿಷಪರನ್ನು ಪಡೆಯಿತು. ಬಿಷಪರಿದ್ದ ಬೀದರಿನ ಮೆಥೋಡಿಸ್ಟರು ಐಕ್ಯದ ಹೊರಗೆ ಉಳಿದರು. ೧೯೭೦ರಲ್ಲಿ ಉತ್ತರ ಭಾರತ ಸಭೆ ರೂಪುಗೊಳ್ಳುವಾಗಲೂ ಈ ಪರಂಪರೆಯ ಸಮ್ಮೇಳನ ವರ್ಷಗಟ್ಟಲೆ ನಡೆದ ಮಾತುಕತೆಯ ಕೊನೆಯ ಘಟ್ಟದಲ್ಲಿ ಹಿಂದೆ ಸರಿಯಿತು. ೧೯೮೧ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತವಾಯಿತು. ಆ ನಿರ್ಧಾರಗಳು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಬೇಡವೆನ್ನುವ ಶಕ್ತಿ ಸಭೆಗಿತ್ತು ಎಂಬುದು ಇಲ್ಲಿ ಮುಖ್ಯ.

ಚಾವಡಿ ಮತ್ತು ಸಭೆ

ಜಾನಪದ ಅಧ್ಯಯನದ ದೃಷ್ಟಿಯಿಂದ ಕುತೂಹಲಕರವಾದ ಅಂಶ ಇನ್ನೊಂದಿದೆ. ಸೇರಿ ತೀರ್ಮಾನಿಸುವ ಪದ್ಧತಿಯನ್ನು ಮಿಶನರಿಗಳು ಈ ನೆಲಕ್ಕೆ ಹೊಸದಾಗಿ ತರಲಿಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಸ್ಮೃತಿ ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೂಡಿದ ಹಿರಿಯರನ್ನು ‘ದೈವ’ವೆಂದೇ ಕರೆಯುವ ರೂಢಿಯಿದೆ, ದೇವರಿಗೂ ಹತ್ತು ಜನರ ಕೂಟಕ್ಕೂ ಜನರ ನುಡಿ ಒಂದೇ ಪದವನ್ನು ಕೊಟ್ಟಿದೆ. ದಲಿತ ಸಮುದಾಯಗಳಿಗೂ ತಮ್ಮದೇ ಕುಲಪಂಚಾಯಿತಿ, ತಮ್ಮದೇ ಕಟ್ಟೀಮನಿ ಇದ್ದರು. ಆದರೆ ಊರ ಚಾವಡಿಯ ಮುಂದೆ ಅದೇ ಜನ ದೂರ ನಿಂತು ಕೇಳಬೇಕಿತ್ತು. ಕುಲಪಂಚಾಯಿತಿಯಲ್ಲಿಯೂ ಹೆಂಗಸರಿಗೆ ಸ್ಥಾನವಿರಲಿಲ್ಲ.

ಎರಡೂ ಪದ್ಧತಿಗಳ ವ್ಯತ್ಯಾಸ ಸ್ಪಷ್ಟ. ಕಟ್ಟೆಯಲ್ಲಿ ಮಾತು ಹದಕ್ಕೆ ಬರುವವರೆಗೂ ಬೆಳೆಯುತ್ತದೆ, ಹಿರಿಯರ ಮಾತೇ ಕೊನೆಯದು, ಬರಹವಿಲ್ಲ. ಸಮ್ಮೇಳನದಲ್ಲಿ ಠರಾವು ಮಂಡನೆಯಾಗುತ್ತದೆ, ಕೈಗಳನ್ನು ಎಣಿಸಲಾಗುತ್ತದೆ, ನಡಾವಳಿ ದಾಖಲಾಗುತ್ತದೆ. ಮೊದಲನೆಯದು ಕೂಟವನ್ನು ಒಡೆಯದೆ ಉಳಿಸುತ್ತದೆ, ಆದರೆ ದುರ್ಬಲರ ಭಿನ್ನಮತವನ್ನು ನುಂಗಿಬಿಡಬಲ್ಲದು. ಎರಡನೆಯದು ಬಹುಮತದ ಹೆಸರಿನಲ್ಲಿ ಬಿರುಕು ಮೂಡಿಸಬಲ್ಲದು. ಆದರೂ ಅಲ್ಲಿ ಕೂಲಿಯವನ ಕೈಗೂ ಉಪದೇಶಿಯ ಕೈಗೂ ಎಣಿಕೆಯಲ್ಲಿ ಒಂದೇ ಬೆಲೆ. ಚಾವಡಿಯಲ್ಲಿ ದೂರ ನಿಂತಿದ್ದವರ ಪಾಲಿಗೆ ಈ ಎಣಿಕೆ ಸಣ್ಣ ಸಂಗತಿಯಲ್ಲ.

ಭಾಷೆಯ ತೊಡಕನ್ನೂ ಗಮನಿಸಬೇಕು. ೧೯೫೬ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದಿನ ಬಹುಭಾಗ ಮತ್ತು ನಾರಾಯಣಖೇಡ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಸೇರಿದವು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಈ ಗಡಿಸೀಮೆಯಲ್ಲಿ ಜನ ತಮ್ಮ ನುಡಿಯಲ್ಲಿ ಚರ್ಚಿಸಿದರು. ವಾರ್ಷಿಕ ಸಮ್ಮೇಳನದ ನಡಾವಳಿಗಳಾದರೋ ಇಂಗ್ಲಿಷಿನಲ್ಲಿ ಅಚ್ಚಾದವು. ಠರಾವಿನ ಕೊನೆಯ ವಾಕ್ಯ ಗ್ರಂಥಾಲಯದಲ್ಲಿ ಉಳಿಯುತ್ತದೆ. ಅದರ ಹಿಂದಿನ ವಾದ, ಮೌನ, ಮುನಿಸು, ರಾಜಿಗಳು ಹಿರಿಯರ ನೆನಪಿನಲ್ಲಷ್ಟೇ ಉಳಿಯುತ್ತವೆ. ನಡಾವಳಿಯನ್ನು ಮಾತ್ರ ಓದಿದ ಚರಿತ್ರೆಕಾರನಿಗೆ ಬಿಷಪರ ದನಿ ಕೇಳಿಸುತ್ತದೆ, ಸಭೆಯದು ಕೇಳಿಸುವುದಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಹಂಚಿಕೆಯ ಆಡಳಿತವನ್ನು ಸಂವಿಧಾನದ ವಿಧಿಗಳಿಂದಷ್ಟೇ ಅಳೆಯಲಾಗದು. ಯಾರು ಕೂರಬಹುದು, ಯಾವ ನುಡಿಯಲ್ಲಿ ಮಾತಾಡಬಹುದು, ಬೇಡವೆಂದವರ ಮಾತು ದಾಖಲಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳು ಅದರ ನಿಜವಾದ ಒರೆಗಲ್ಲು. ಬೀದರ, ಭಾಲ್ಕಿ, ಔರಾದಗಳ ಸಭೆಗಳ ಹಳೆಯ ವಹಿಗಳನ್ನೂ ಹಿರಿಯರ, ವಿಶೇಷವಾಗಿ ಹಿರಿಯ ಮಹಿಳೆಯರ, ಮೌಖಿಕ ಕಥನಗಳನ್ನೂ ಒಟ್ಟಿಗಿರಿಸಿ ಸಂಗ್ರಹಿಸುವ ಕಾರ್ಯ ಶೀಘ್ರವಾಗಿ ನಡೆಯಬೇಕಿದೆ. ವಹಿಗಳು ಇನ್ನಷ್ಟು ಕಾಲ ಕಾಯಬಹುದು, ನೆನಪುಗಳು ಕಾಯಲಾರವು.